ಸ್ಮಾರ್ಟ್ ಕೋಲು ತಂದೆಯವರನ್ನು ಚರಂಡಿಯಿಂದ ಉಳಿಸೀತೇ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ತಂದೆಯವರಿಗೆ 61 ವರ್ಷ. ಜಿನಸಿ ಅಂಗಡಿ ನಡೆಸುತ್ತಿದ್ದರು. ಗ್ಲಾಕೋಮಾದಿಂದ ಎರಡೂ ಕಣ್ಣುಗಳ ದೃಷ್ಟಿ ಬಹುಪಾಲು ಹೋಗಿದೆ. ಪತ್ರಿಕೆಯ ತಲೆಬರಹವನ್ನು ಈಗಲೂ ಓದುತ್ತಾರೆ, ಆದರೆ ಕಾಲಬುಡದ ಮೆಟ್ಟಿಲು ಕಾಣುವುದಿಲ್ಲ. ಕಳೆದ ಮಳೆಗಾಲದಲ್ಲಿ ರಸ್ತೆ ಬದಿ ನಿಂತಿದ್ದ ಲಾರಿಯ ಹಿಂಬದಿಗೆ ಹಣೆ ಬಡಿದು ನಾಲ್ಕು ಹೊಲಿಗೆ ಬಿದ್ದವು. ಎರಡು ತಿಂಗಳ ಮೇಲೆ ಬಸ್ ನಿಲ್ದಾಣದ ಬಳಿ ಚಪ್ಪಡಿ ಕಿತ್ತುಹೋಗಿದ್ದ ಚರಂಡಿಗೆ ಕಾಲು ಜಾರಿ ವಾರಗಟ್ಟಲೆ ಮಲಗಿದರು. ಬಿಳಿ ಕೋಲು ಹಿಡಿಯಿರಿ ಎಂದರೆ ಒಪ್ಪುವುದಿಲ್ಲ. ‘ಸ್ಮಾರ್ಟ್’ ಕೋಲಾದರೆ ನೋಡೋಣ ಎನ್ನುತ್ತಾರೆ. ಆನ್‌ಲೈನಿನಲ್ಲಿ 1,500 ರೂಪಾಯಿಗೆ ಒಂದು ಸ್ಮಾರ್ಟ್ ವಾಕಿಂಗ್ ಸ್ಟಿಕ್ ಕಂಡಿತು. ದುಬೈಯಲ್ಲಿರುವ ತಮ್ಮ ಕ್ಯಾಮೆರಾ ಇರುವ ಕನ್ನಡಕ ತರುತ್ತೇನೆ ಎನ್ನುತ್ತಾನೆ. ಪರಿಚಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೆನ್ಸರ್ ಕೋಲನ್ನು ತಾವೇ ಮಾಡಿಕೊಡುತ್ತಾರಂತೆ. ಕೋಲಿನ ಅಭ್ಯಾಸವಾದರೆ ಉಳಿದ ದೃಷ್ಟಿಯೂ ಬೇಗ ಹೋಗುತ್ತದೆ ಎಂದು ಅತ್ತೆಯವರು ಹೆದರಿಸುತ್ತಿದ್ದಾರೆ. ನಾವು ಯಾವುದನ್ನು ಕೊಳ್ಳಬೇಕು? ಸರಕಾರದಿಂದ ನೆರವು ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಭಾಗ ಆ ಎರಡು ಅಪಘಾತಗಳ ವಿವರ. ನೀವು ಕೇಳಿದ್ದು ಯಾವ ಸಾಧನ ಒಳ್ಳೆಯದು ಎಂದು. ಆದರೆ ಆ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗ ಆ ವಿವರದಲ್ಲೇ ಇದೆ. ತಂದೆಯವರಿಗೆ ಒಂದು ಪೆಟ್ಟು ಮೇಲಿನಿಂದ ಬಿತ್ತು, ಇನ್ನೊಂದು ಕೆಳಗಿನಿಂದ. ಇವೆರಡನ್ನು ತಡೆಯುವ ಉಪಾಯಗಳು ಬೇರೆ ಬೇರೆ. ಸ್ಮಾರ್ಟ್ ಕೋಲಿನಲ್ಲಿ ‘ಸ್ಮಾರ್ಟ್’ ಎನಿಸಿಕೊಳ್ಳುವ ಭಾಗ ಲಾರಿಯನ್ನು ತಿಳಿಸಬಲ್ಲುದು, ಚರಂಡಿಯನ್ನು ತಿಳಿಸಲಾರದು. ಚರಂಡಿಯನ್ನು ತಿಳಿಸುವುದು ಕೋಲಿನ ತುದಿ, ಅದೂ ಅದನ್ನು ಬೀಸುವ ಕ್ರಮ ಕಲಿತ ಕೈಯಲ್ಲಿದ್ದಾಗ ಮಾತ್ರ. ದೃಷ್ಟಿ ಕಳೆದುಕೊಂಡವರಿಗೆ ಚಲನವಲನ ತರಬೇತಿ ಕೊಡುತ್ತ ಮಂಗಳೂರು, ಉಡುಪಿಯ ಬೀದಿಗಳಲ್ಲಿ ಅವರ ಹಿಂದೆ ಎರಡು ಹೆಜ್ಜೆ ಅಂತರದಲ್ಲಿ ನಡೆದು ಬಂದವನಾಗಿ, ಈ ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳದೆ ಸಾಧನ ಕೊಂಡ ಹಲವು ಕುಟುಂಬಗಳ ನಿರಾಸೆಯನ್ನು ನಾನು ನೋಡಿದ್ದೇನೆ.

ಮೊದಲು ಅತ್ತೆಯವರ ಭಯಕ್ಕೆ ಉತ್ತರಿಸುತ್ತೇನೆ, ಏಕೆಂದರೆ ಅದು ಮನೆಯಲ್ಲಿ ನಿಂತುಬಿಟ್ಟರೆ ಉಳಿದ ಯಾವ ಮಾತೂ ಮುಂದೆ ಸಾಗುವುದಿಲ್ಲ. ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಆ ನರ ತಾಳುವುದಕ್ಕಿಂತ ಹೆಚ್ಚಾದಾಗ ಅದರ ಎಳೆಗಳು ನಿಧಾನವಾಗಿ ಸಾಯುತ್ತವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಕೋಲು ಹಿಡಿಯುವುದಕ್ಕೂ ಆ ಒತ್ತಡಕ್ಕೂ ಯಾವ ಸಂಬಂಧವೂ ಇಲ್ಲ. ಉಳಿದ ದೃಷ್ಟಿಯನ್ನು ನಿಜವಾಗಿಯೂ ಕಸಿದುಕೊಳ್ಳುವುದು, ‘ಹೇಗೂ ಕಾಣುವುದಿಲ್ಲವಲ್ಲ’ ಎಂದು ಕಣ್ಣಿನ ಹನಿಗಳನ್ನು ಹಾಕುವುದನ್ನು ನಿಲ್ಲಿಸಿಬಿಡುವ ಅಭ್ಯಾಸ. ಇದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಕೋಲು ಬಂದರೂ ಹನಿ ನಿಲ್ಲಬಾರದು, ವೈದ್ಯರ ತಪಾಸಣೆಯೂ ತಪ್ಪಬಾರದು.

ಪತ್ರಿಕೆ ಓದುವವರಿಗೆ ಮೆಟ್ಟಿಲು ಏಕೆ ಕಾಣುವುದಿಲ್ಲ ಎಂಬುದಕ್ಕೂ ಇದೇ ಕಾಯಿಲೆಯಲ್ಲಿ ಕಾರಣವಿದೆ. ಗ್ಲಾಕೋಮಾ ಸಾಮಾನ್ಯವಾಗಿ ನೋಟದ ಅಂಚುಗಳನ್ನು ಮೊದಲು ತಿನ್ನುತ್ತದೆ, ನಡುಭಾಗವನ್ನು ಕೊನೆಯವರೆಗೆ ಉಳಿಸುತ್ತದೆ. ತಂದೆಯವರು ಈಗ ಲೋಕವನ್ನು ನೋಡುತ್ತಿರುವುದು ಹೆಚ್ಚುಕಡಿಮೆ ಒಂದು ಕೊಳವೆಯ ಮೂಲಕ ಎಂದು ಭಾವಿಸಿಕೊಳ್ಳಿ. ಕೊಳವೆಯ ಎದುರಿಗೆ ಹಿಡಿದ ಅಕ್ಷರ ಸ್ಪಷ್ಟವಾಗಿಯೇ ಇರುತ್ತದೆ. ಕಾಲಬುಡ, ಎಡಬಲ, ತಲೆಯ ಮೇಲೆ ಏನಿದೆಯೆಂಬುದು ಆ ಕೊಳವೆಗೆ ಸಿಗುವುದಿಲ್ಲ. ಇಂಥವರನ್ನು ಮನೆಯವರೇ ‘ಬೇಕಾದ್ದು ಕಾಣುತ್ತದೆ, ಬೇಡದ್ದು ಕಾಣುವುದಿಲ್ಲ’ ಎಂದು ಮಾತನಾಡಿಕೊಳ್ಳುವುದುಂಟು. ಅದು ಕೇಳಿದವರ ಮನಸ್ಸಿಗೆ ಹಣೆಯ ಪೆಟ್ಟಿಗಿಂತ ಹೆಚ್ಚು ನಾಟುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಹೇಳಿದ್ದರೆ, ದಯವಿಟ್ಟು ಈ ವಿವರಣೆಯನ್ನು ಅವರಿಗೆ ಓದಿ ಹೇಳಿ.

ಬಿಳಿ ಕೋಲು ಪೂರ್ತಿ ಕಾಣದವರಿಗೆ ಮಾತ್ರ ಎಂಬುದೂ ತಪ್ಪು ತಿಳಿವಳಿಕೆಯೇ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅಂಧತ್ವವನ್ನು ನಿರ್ಧರಿಸಲು ಅಕ್ಷರ ಓದುವ ಶಕ್ತಿಯೊಂದನ್ನೇ ನೋಡುವುದಿಲ್ಲ. ನೋಟದ ಹರವು 10 ಡಿಗ್ರಿಗಿಂತ ಕಡಿಮೆಯಾಗಿದ್ದರೆ ಅದನ್ನೂ ಅಂಧತ್ವವೆಂದು, 40ಕ್ಕಿಂತ ಕಡಿಮೆಯಾಗಿ 10ರವರೆಗೆ ಇದ್ದರೆ ಮಂದದೃಷ್ಟಿಯೆಂದು ಪರಿಗಣಿಸುತ್ತದೆ. ತಂದೆಯವರ ಮಟ್ಟಿಗೆ ಇದು ಮುಖ್ಯವಾದ ಸಂಗತಿ. ವೈಕಲ್ಯದ ಪ್ರಮಾಣಪತ್ರಕ್ಕೆ ಹೋದಾಗ ಅಕ್ಷರದ ಫಲಕ ಓದಿಸಿ ‘ಇವರಿಗೆ ಕಾಣುತ್ತದೆ’ ಎಂದು ಹಿಂದಕ್ಕೆ ಕಳುಹಿಸುವ ಪ್ರಸಂಗ ಬರಬಾರದೆಂದರೆ, ಕಣ್ಣಿನ ವೈದ್ಯರಲ್ಲಿ ಮಾಡಿಸಿದ ಫೀಲ್ಡ್ ಟೆಸ್ಟಿನ (ನೋಟದ ಹರವನ್ನು ಅಳೆಯುವ ಪರೀಕ್ಷೆ) ಇತ್ತೀಚಿನ ವರದಿಯನ್ನು ಕೈಯಲ್ಲಿಟ್ಟುಕೊಂಡೇ ಹೋಗಿ.

ಈಗ ಕೋಲಿನ ವಿಷಯಕ್ಕೆ ಬರೋಣ. ನೀವು ಆನ್‌ಲೈನಿನಲ್ಲಿ ಕಂಡ 1,500 ರೂಪಾಯಿಯ ಸ್ಟಿಕ್ಕಿನ ವಿವರವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ವಸ್ತುಗಳು ವಾಸ್ತವದಲ್ಲಿ ವಯಸ್ಸಾದವರು ಭಾರ ಊರಿ ನಡೆಯುವ ಊರುಗೋಲುಗಳು. ಅವಕ್ಕೆ ಒಂದು ಟಾರ್ಚು, ಒಂದು ಅಲಾರಂ ಗುಂಡಿ, ಕೆಲವಕ್ಕೆ ರೇಡಿಯೋ ಸೇರಿಸಿ ‘ಸ್ಮಾರ್ಟ್’ ಎಂದು ಕರೆದಿರುತ್ತಾರೆ. ಮೊಣಕಾಲು ನೋವಿನವರಿಗೆ ಅವು ಉಪಯುಕ್ತವೇ. ಕಣ್ಣು ಕಾಣದವರಿಗೆ ದಾರಿ ತಡಕಲು ಅಲ್ಲ. ಊರುಗೋಲು ಸೊಂಟದ ಎತ್ತರಕ್ಕಿರುತ್ತದೆ, ಭಾರ ತಾಳುತ್ತದೆ. ಬಿಳಿ ಕೋಲು ನಿಂತವರ ಎದೆಮೂಳೆಯ ಎತ್ತರಕ್ಕೆ ಬರಬೇಕು. ಹಗುರವಾದ ಅಲ್ಯೂಮಿನಿಯಂ ಕೊಳವೆಯ ತುಂಡುಗಳ ಒಳಗೆ ಎಲಾಸ್ಟಿಕ್ ಹುರಿ ಹಾಯಿಸಿ ಅದನ್ನು ಮಡಚುವಂತೆ ಮಾಡಿರುತ್ತಾರೆ. ಅದರ ಮೇಲೆ ಮೈಭಾರ ಬಿಟ್ಟರೆ ಅದು ಬಾಗುತ್ತದೆ, ನಾವು ಬೀಳುತ್ತೇವೆ. ಚರಂಡಿಗೆ ಬಿದ್ದ ಮೇಲೆ ತಂದೆಯವರ ಮೊಣಕಾಲಿನಲ್ಲಿ ಬಲ ಕಡಿಮೆಯಾಗಿದ್ದರೆ ಒಂದು ಕೈಗೆ ಊರುಗೋಲು, ಇನ್ನೊಂದು ಕೈಗೆ ಬಿಳಿ ಕೋಲು ಬೇಕಾಗಬಹುದು. ಅದನ್ನು ತರಬೇತಿಯ ಮೊದಲ ದಿನವೇ ನೋಡಿ ತೀರ್ಮಾನಿಸಬೇಕು.

ಬಿಳಿ ಕೋಲಿನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ‘ಬರೇ ಕೋಲು’ ಎಂದು ತಳ್ಳಿಹಾಕುವವರೇ ಹೆಚ್ಚು. ಇಂದು ಜಗತ್ತಿನ ಎಲ್ಲೆಡೆ ಕಲಿಸುವ ಉದ್ದ ಕೋಲಿನ ಕ್ರಮವನ್ನು ರೂಪಿಸಿದವರು ರಿಚರ್ಡ್ ಹೂವರ್. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1940ರ ದಶಕದಲ್ಲಿ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ಅದು ರೂಪುಗೊಂಡಿತು. ಕೈ ಹೊಕ್ಕುಳ ಮುಂದೆ ಇರಬೇಕು, ತೋಳಲ್ಲ, ಮಣಿಕಟ್ಟು ಮಾತ್ರ ಆಡಬೇಕು, ತುದಿ ಹೆಗಲಿನ ಅಗಲಕ್ಕಿಂತ ತುಸು ಹೆಚ್ಚು ಆಚೀಚೆ ಹೋಗಬೇಕು. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಮುಂದಿಟ್ಟಾಗ ಬಲಕ್ಕೆ. ಕೇಳಲು ತಲೆಕೆಳಗಾಗಿ ತೋರುತ್ತದೆ. ಆದರೆ ಹಾಗೆ ಮಾಡಿದಾಗ ಮುಂದಿನ ಕಾಲು ಊರಲಿರುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ಹೆಜ್ಜೆಗೂ ಕೋಲಿಗೂ ಈ ತಾಳ ಕೂಡುವುದಕ್ಕೆ ದಿನಕ್ಕೊಂದು ಗಂಟೆಯಂತೆ ಕೆಲವು ವಾರಗಳೇ ಹಿಡಿಯುತ್ತವೆ. ಕೂಡಿದ ಮೇಲೆ ಅದು ಉಸಿರಾಟದಂತೆ ನಡೆಯುತ್ತದೆ.

ಆ ತುದಿ ಹೇಳುವ ಸಂಗತಿಗಳು ಎಷ್ಟೆಂಬುದನ್ನು ನಮ್ಮ ಬೀದಿಯಲ್ಲೇ ನೋಡಬಹುದು. ನಮ್ಮಲ್ಲಿ ಎಷ್ಟೋ ಕಡೆ ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಕಾಂಕ್ರೀಟ್ ಚಪ್ಪಡಿಗಳು. ಗಟ್ಟಿಯಾಗಿ ಕೂತ ಚಪ್ಪಡಿ ಒಂದು ಸದ್ದು ಕೊಡುತ್ತದೆ, ಅಲುಗಾಡುವ ಚಪ್ಪಡಿ ಬೇರೆ ಸದ್ದು. ಚಪ್ಪಡಿ ಇಲ್ಲದಲ್ಲಿ ತುದಿ ಗಾಳಿಗೆ ಇಳಿಯುತ್ತದೆ, ಕೈ ಸೆಳೆದಂತಾಗುತ್ತದೆ, ಕಾಲು ತಾನಾಗಿ ನಿಲ್ಲುತ್ತದೆ. ಡಾಂಬರು ಮುಗಿದು ಜಲ್ಲಿ ಬಂದದ್ದು, ಜಲ್ಲಿ ಮುಗಿದು ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲು ಬಂದದ್ದು, ತೋಡಿನ ಕಾಲುಸಂಕದ ಮೇಲೆ ಮರದ ಟೊಳ್ಳು ದನಿ ಕೇಳಿದ್ದು, ಎಲ್ಲವನ್ನೂ ಅಂಗೈ ತಿಳಿದುಕೊಳ್ಳುತ್ತದೆ. ತಂದೆಯವರನ್ನು ಚರಂಡಿಗೆ ಬೀಳದಂತೆ ತಡೆಯುತ್ತಿದ್ದುದು ಇದೇ, ಕೆಲವು ನೂರು ರೂಪಾಯಿಗೆ ಸಿಗುವ ಸಾಧಾರಣ ಬಿಳಿ ಕೋಲು.

ಆದರೆ ಅದೇ ಕೋಲು ಲಾರಿಯ ವಿಷಯದಲ್ಲಿ ಅವರನ್ನು ಉಳಿಸುತ್ತಿರಲಿಲ್ಲ. ನಿಂತ ಲಾರಿಯ ಹಿಂಬದಿ ನೆಲದಿಂದ ಮೇಲಕ್ಕಿರುತ್ತದೆ, ಚಕ್ರಗಳು ಒಳಗಿರುತ್ತವೆ. ಕೋಲಿನ ತುದಿ ಅದರ ಅಡಿಯಲ್ಲಿ ಸಲೀಸಾಗಿ ಸಾಗುತ್ತದೆ, ‘ದಾರಿ ಇದೆ’ ಎಂದು ಹೇಳುತ್ತದೆ, ಎದೆಯೋ ಹಣೆಯೋ ಮೊದಲು ಮುಟ್ಟುತ್ತದೆ. ರಸ್ತೆಗೆ ಚಾಚಿದ ಹಲಸಿನ ಕೊಂಬೆ, ಅಂಗಡಿಯ ಮುಂದಕ್ಕೆ ಇಳಿಬಿಟ್ಟ ಬೋರ್ಡು, ನಿಂತ ಬಸ್ಸಿನ ಕನ್ನಡಿ, ಇವೂ ಹಾಗೆಯೇ. ಬಿಳಿ ಕೋಲಿನ ಈ ಕೊರತೆ ನಿಜವಾದದ್ದು. ಅದನ್ನು ತುಂಬಲೆಂದೇ ಸ್ಮಾರ್ಟ್ ಕೋಲು ಹುಟ್ಟಿತು.

ನಮ್ಮ ದೇಶದಲ್ಲಿ ಕೈಗೆಟಕುವ ಬೆಲೆಗೆ ಇದನ್ನು ಸಾಧ್ಯವಾಗಿಸಿದ್ದು ದೆಹಲಿಯ ಐಐಟಿ. ಪ್ರೊಫೆಸರ್ ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ 2005ರ ಸುಮಾರಿಗೆ ವಿದ್ಯಾರ್ಥಿಗಳ ಒಂದು ಪ್ರಾಜೆಕ್ಟಾಗಿ ಆರಂಭವಾದ ‘ಸ್ಮಾರ್ಟ್‌ಕೇನ್’, ದೃಷ್ಟಿಹೀನ ಬಳಕೆದಾರರ ಕೈಯಲ್ಲಿ ವರ್ಷಗಟ್ಟಲೆ ಪರೀಕ್ಷೆಗೊಳಪಟ್ಟು 2014ರಲ್ಲಿ ಬಿಡುಗಡೆಯಾಯಿತು. ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಅದನ್ನು ತಯಾರಿಸಿತು. ಆಗ ಅದರ ಬೆಲೆ ಸುಮಾರು 3,000 ರೂಪಾಯಿ. ವಿದೇಶದ ಅಂಥದೇ ಸಾಧನಗಳಿಗೆ ಹತ್ತಾರು ಸಾವಿರ ಬೀಳುತ್ತಿದ್ದ ಕಾಲವದು. ಸಾಮಾನ್ಯ ಮಡಚುವ ಬಿಳಿ ಕೋಲಿನ ಹಿಡಿಯ ಜಾಗಕ್ಕೆ ಒಂದು ಎಲೆಕ್ಟ್ರಾನಿಕ್ ಹಿಡಿಯನ್ನು ಸಿಕ್ಕಿಸುವುದು ಅದರ ವಿನ್ಯಾಸ. ಹಿಡಿ ಕೆಟ್ಟರೂ, ಬ್ಯಾಟರಿ ಮುಗಿದರೂ ಕೋಲು ಕೋಲಾಗಿ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಆ ಸಾಧನದ ಅತಿ ದೊಡ್ಡ ಬುದ್ಧಿವಂತಿಕೆ ಇದೇ.

ಅದರ ಒಳಗೆ ನಡೆಯುವ ಕೆಲಸ ಬಾವಲಿಯ ಉಪಾಯದ್ದು. ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಮಾತ್ರ ಕೇಳುತ್ತದೆ. ಇಂಥ ಸಾಧನಗಳ ಸೆನ್ಸರ್ ಸಾಮಾನ್ಯವಾಗಿ 40,000 ಕಂಪನಗಳ ಸದ್ದನ್ನು (ಇದಕ್ಕೇ ಅಲ್ಟ್ರಾಸಾನಿಕ್ ಎನ್ನುವುದು) ಮುಂದಕ್ಕೆ ಎಸೆದು, ಅದು ಏನಕ್ಕಾದರೂ ಬಡಿದು ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. 3 ಮೀಟರ್ ದೂರದ ಲಾರಿಗೆ ಬಡಿದು ಬರಲು ಬೇಕಾಗುವುದು ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೂ ಕಡಿಮೆ. ವಸ್ತು ಹತ್ತಿರವಾದಂತೆ ಹಿಡಿಯ ಕಂಪನದ ರೀತಿ ಬದಲಾಗುತ್ತದೆ. ಸ್ಮಾರ್ಟ್‌ಕೇನಿನಲ್ಲಿ ಹೊರಾಂಗಣಕ್ಕೆ ಸುಮಾರು 3 ಮೀಟರ್, ಒಳಾಂಗಣಕ್ಕೆ ಅದಕ್ಕಿಂತ ಕಡಿಮೆ, ಹೀಗೆ ಎರಡು ವ್ಯಾಪ್ತಿಗಳಿವೆ. ಮೊಣಕಾಲಿನಿಂದ ತಲೆಯ ಎತ್ತರದವರೆಗಿನ ಅಡ್ಡಿಗಳು ಅದರ ಗಮನಕ್ಕೆ ಬರುತ್ತವೆ. ಸದ್ದಿನ ಬದಲು ಕಂಪನವನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಕಾಣದವರಿಗೆ ಕಿವಿಯೇ ರಸ್ತೆ. ಅದನ್ನು ಬೀಪ್ ಸದ್ದಿನಿಂದ ತುಂಬಿಸಬಾರದು. ಬೀಪ್ ಮಾತ್ರ ಕೊಡುವ ಅಗ್ಗದ ಸಾಧನವನ್ನು ಯಾರಾದರೂ ತೋರಿಸಿದರೆ ಬೇಡವೆನ್ನಿ.

ಸಾಮಾನ್ಯ ನಡಿಗೆ ಸೆಕೆಂಡಿಗೆ ಸುಮಾರು ಒಂದು ಮೀಟರ್. ಕೋಲಿನ ತುದಿ ಮುಂದಿರುವುದು ಒಂದು ಮೀಟರಿನಷ್ಟು, ಅಂದರೆ ಅದು ಕೊಡುವ ಮುನ್ಸೂಚನೆ ಒಂದೇ ಸೆಕೆಂಡಿನದು. ಸೆನ್ಸರ್ ಮೂರು ಸೆಕೆಂಡು ಕೊಡುತ್ತದೆ. ನಿಂತು, ಯೋಚಿಸಿ, ಬದಿಗೆ ಸರಿಯಲು ಅಷ್ಟು ಸಾಕು. ಸಾಲಿನಲ್ಲಿ ನಿಂತಾಗಲೂ ಇದು ಒದಗುತ್ತದೆ: ಮುಂದಿನವರು ಸರಿದದ್ದು ಕಂಪನ ನಿಂತಾಗ ಗೊತ್ತಾಗುತ್ತದೆ, ಅವರ ಬೆನ್ನಿಗೆ ಕೋಲು ತಾಗಿಸಬೇಕಿಲ್ಲ. ಪಡಿತರದ ಅಂಗಡಿಯಲ್ಲೂ ಬ್ಯಾಂಕಿನಲ್ಲೂ ಈ ಸಣ್ಣ ಅನುಕೂಲವನ್ನು ನನ್ನಲ್ಲಿ ಕಲಿತವರು ಬಹಳ ಮೆಚ್ಚಿಕೊಂಡಿದ್ದಾರೆ.

ಇನ್ನು ಅದರ ಮಿತಿಗಳು. ಕೆಳಕ್ಕೆ ಇಳಿಯುವ ಮೆಟ್ಟಿಲನ್ನೂ ಗುಂಡಿಯನ್ನೂ ಅದು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಸದ್ದನ್ನು ಮರಳಿಸುವ ವಸ್ತುವೇ ಎದುರಿಗಿಲ್ಲ. ಓರೆಯಾಗಿ ನಿಂತ ಗಾಜಿನ ಬಾಗಿಲು ಸದ್ದನ್ನು ಬೇರೆ ಕಡೆಗೆ ಹಾರಿಸಿಬಿಡುತ್ತದೆ. ದಪ್ಪ ಮೆತ್ತನೆಯ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ವಿದ್ಯುತ್ ಕಂಬಕ್ಕೆ ಬಿಗಿದ ಸ್ಟೇ ತಂತಿಯಂಥ ತೆಳು ವಸ್ತು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಉಡುಪಿಯ ರಥಬೀದಿಯಲ್ಲಿ ಪರ್ಯಾಯೋತ್ಸವದ ಜನಸಂದಣಿಯ ನಡುವೆ ಹಿಡಿ ಬಿಡುವಿಲ್ಲದೆ ನಡುಗುತ್ತಲೇ ಇರುತ್ತದೆ. ಅಲ್ಲಿ ಅದನ್ನು ಆರಿಸಿ ಯಾರದಾದರೂ ತೋಳು ಹಿಡಿಯುವುದೇ ಸರಿ. ಕೈ ತಿರುಚಿಕೊಂಡರೆ ಸೆನ್ಸರ್ ಆಕಾಶವನ್ನೋ ನೆಲವನ್ನೋ ನೋಡತೊಡಗುತ್ತದೆ. ಆದ್ದರಿಂದಲೇ ಕೋಲು ಹಿಡಿಯುವ ಕ್ರಮ ಕಲಿಯದವರ ಕೈಯಲ್ಲಿ ಸ್ಮಾರ್ಟ್ ಹಿಡಿ ಸುಳ್ಳು ಸೂಚನೆಗಳನ್ನೇ ಕೊಡುತ್ತಿರುತ್ತದೆ, ಎರಡು ವಾರಗಳಲ್ಲಿ ಕಪಾಟು ಸೇರುತ್ತದೆ. ಹಾಗೆ ಕಪಾಟು ಸೇರಿದ ಸಾಧನಗಳನ್ನು ನಾನು ಹತ್ತಾರು ಮನೆಗಳಲ್ಲಿ ಕಂಡಿದ್ದೇನೆ. ತಪ್ಪು ಸಾಧನದ್ದೂ ಅಲ್ಲ, ಬಳಸುವವರದೂ ಅಲ್ಲ, ಕಲಿಸದೆ ಕೊಟ್ಟವರದು.

ನಮ್ಮ ಮಳೆಗಾಲದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯಲ್ಲಿ ಯಾವ ಸಾಧನದ ಪ್ರಚಾರವಾಕ್ಯವೂ ಹಾಗೆಯೇ ಉಳಿಯುವುದಿಲ್ಲ. ಸೆನ್ಸರಿನ ಬಾಯಿಗೆ ನೀರಿನ ಹನಿ ಕೂತರೆ ಅದು ಕುರುಡಾಗುತ್ತದೆ ಇಲ್ಲವೇ ಸುಮ್ಮಸುಮ್ಮನೆ ನಡುಗುತ್ತದೆ. ರಸ್ತೆಯಲ್ಲಿ ನೀರು ನಿಂತಾಗ ಸದ್ದು ನೀರಿನ ಮೇಲ್ಮೈಯಿಂದಲೇ ಮರಳುವುದರಿಂದ, ಅಡಿಯ ಬಾಯ್ದೆರೆದ ಚರಂಡಿಯನ್ನು ಹೇಳುವ ಅಲ್ಟ್ರಾಸಾನಿಕ್ ಸಾಧನ ಇಲ್ಲ. ಆಗ ಕೋಲಿನ ತುದಿಯನ್ನು ಎತ್ತದೆ ನೆಲಕ್ಕೆ ಒತ್ತಿ ಸವರುತ್ತ ನಡೆಯುವ ಬೇರೆ ಕ್ರಮವನ್ನು ಬಳಸಬೇಕು, ನೀರು ಹರಿಯುತ್ತಿದ್ದರೆ ಹೋಗಲೇಬಾರದು. ಎಲ್ಲಕ್ಕಿಂತ ದೊಡ್ಡ ತೊಂದರೆ ಮಳೆಯ ಸದ್ದಿನದು. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಬರುವ ವಾಹನ ಕೇಳುವುದಿಲ್ಲ. ಮಳೆಕೋಟಿನ ಟೊಪ್ಪಿ ಕಿವಿ ಮುಚ್ಚಿದರಂತೂ ಪೂರ್ತಿ ಕತ್ತಲು. ತಂದೆಯವರಿಗೆ ಟೊಪ್ಪಿ ಇಲ್ಲದ ಮಳೆಕೋಟು, ಮುಂದೆ ಅಂಚಿರುವ ಕ್ಯಾಪು ಕೊಡಿಸಿ. ಕ್ಯಾಪಿನ ಅಂಚು ಬಿಸಿಲ ಝಳವನ್ನೂ ತಡೆಯುತ್ತದೆ, ಕೊಂಬೆ ಹಣೆಗೆ ಬಡಿಯುವ ಮೊದಲು ತಾನು ತಾಗಿ ಎಚ್ಚರಿಸುತ್ತದೆ. ಉಪ್ಪುಗಾಳಿ ಚಾರ್ಜಿಂಗ್ ಪಿನ್ನನ್ನು ತಿನ್ನುವುದರಿಂದ ಮನೆಗೆ ಬಂದೊಡನೆ ಹಿಡಿಯನ್ನು ಒಣಬಟ್ಟೆಯಿಂದ ಒರೆಸಬೇಕು, ಒದ್ದೆಯಿರುವಾಗ ಚಾರ್ಜಿಗೆ ಹಾಕಬಾರದು.

ವಿದ್ಯಾರ್ಥಿಗಳು ಮಾಡಿಕೊಡುವ ಕೋಲಿನ ಬಗ್ಗೆ ನನಗೆ ಗೌರವವಿದೆ, ಭಯವೂ ಇದೆ. ಅವರು ಬಳಸುವ ಅಲ್ಟ್ರಾಸಾನಿಕ್ ಸೆನ್ಸರ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ, ಮೇಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೆಲವು ವರ್ಷಗಳ ಹಿಂದೆ ಹಾಗೆ ತಯಾರಾದ ಒಂದು ಕೋಲನ್ನು ಹಿಡಿದು ನನ್ನ ಬಳಿ ಕಲಿಯುತ್ತಿದ್ದ ಯುವಕರೊಬ್ಬರು ಮಂಗಳೂರಿನ ಕಂಕನಾಡಿಯ ಕಡೆ ನಡೆಯುತ್ತಿದ್ದರು. ಸಣ್ಣ ಹನಿ ಬಿದ್ದಿತ್ತು, ಒಳಗೆ ಒಂದು ವೈರಿನ ಬೆಸುಗೆ ಬಿಟ್ಟಿತ್ತು, ಸಾಧನ ಮೌನವಾಯಿತು. ಅವರು ಆ ಮೌನವನ್ನು ‘ಮುಂದೆ ಏನೂ ಇಲ್ಲ’ ಎಂದು ಅರ್ಥ ಮಾಡಿಕೊಂಡು ವೇಗ ಹೆಚ್ಚಿಸಿದರು. ನಿಲ್ಲಿಸಿದ್ದ ಟೆಂಪೋಗೆ ಭುಜ ತಾಗುವ ಮೊದಲು ನಾನು ಅವರ ತೋಳು ಹಿಡಿದುಕೊಂಡೆ. ಯಾವ ಎಲೆಕ್ಟ್ರಾನಿಕ್ ಕೋಲಿನಲ್ಲೂ ಇರುವ ನಿಜವಾದ ಅಪಾಯ ಇದು: ಅದು ಸತ್ತಾಗಲೂ, ದಾರಿ ಸುಗಮವಾಗಿದ್ದಾಗಲೂ ಒಂದೇ ರೀತಿ ಸುಮ್ಮನಿರುತ್ತದೆ. ಅಂದಿನಿಂದ ನನ್ನಲ್ಲಿ ಕಲಿಯುವ ಪ್ರತಿಯೊಬ್ಬರಿಗೂ ಮನೆಯ ಬಾಗಿಲಲ್ಲಿ ಒಂದು ಪರೀಕ್ಷೆ ಕಡ್ಡಾಯ. ಹೊರಡುವ ಮುನ್ನ ಹಿಡಿಯನ್ನು ಗೋಡೆಗೆ ತೋರಿಸಿ ಕಂಪನ ಬರುವುದನ್ನು ನೋಡಬೇಕು, ಅಂಗಳದ ಖಾಲಿ ಜಾಗಕ್ಕೆ ತೋರಿಸಿ ನಿಲ್ಲುವುದನ್ನು ನೋಡಬೇಕು. ದಾರಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದರೆ ತಮ್ಮದೇ ಅಂಗೈಯನ್ನು ಅದರೆದುರು ಹಿಡಿದು ಕಂಪನ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಆ ವಿದ್ಯಾರ್ಥಿಗಳನ್ನು ನಿರಾಸೆಗೊಳಿಸಬೇಡಿ. ಹಿಡಿ ಎಷ್ಟು ತೂಗುತ್ತದೆ, ಒಂದು ಗಂಟೆ ಬೀಸಿದರೆ ಮಣಿಕಟ್ಟು ನೋಯುತ್ತದೆಯೇ, ಬ್ಯಾಟರಿ ಮುಗಿಯುವ ಮೊದಲು ಸೂಚನೆ ಇದೆಯೇ, ಅವರು ಪದವಿ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ರಿಪೇರಿ ಯಾರದು ಎಂದು ಕೇಳಿ. ತಂದೆಯವರು ಸಾಧನ ಪರೀಕ್ಷಿಸಲು ನೆರವಾಗಲಿ, ಆದರೆ ಮನೆಯಂಗಳದಲ್ಲಿ ಮಾತ್ರ; ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಅಲ್ಲ.

ತಮ್ಮನವರ ಕನ್ನಡಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಯಾಮೆರಾ ಕನ್ನಡಕಗಳು ಅಕ್ಷರ ಓದಿ ಹೇಳುತ್ತವೆ, ಎದುರಿನ ದೃಶ್ಯ ವಿವರಿಸುತ್ತವೆ, ಕೆಲವು ಮುಖವನ್ನೂ ಗುರುತಿಸುತ್ತವೆ. ಆದರೆ ಚಿತ್ರ ತೆಗೆದು, ಹಲವು ಸಲ ಇಂಟರ್ನೆಟ್ಟಿಗೆ ಕಳುಹಿಸಿ, ಉತ್ತರ ತರಲು ಕೆಲವು ಸೆಕೆಂಡು ಬೇಕು. ಮೂರು ಸೆಕೆಂಡಿನಲ್ಲಿ ತಂದೆಯವರು ಮೂರು ಮೀಟರ್ ನಡೆದಿರುತ್ತಾರೆ; ‘ಎದುರಿಗೆ ಲಾರಿ ನಿಂತಿದೆ’ ಎಂಬ ಮಾತು ಬರುವ ಹೊತ್ತಿಗೆ ಲಾರಿ ಹಣೆಗೆ ಬಂದಿರುತ್ತದೆ. ಓದಲು ಕೊಳ್ಳುವುದಾದರೆ ಕೊಳ್ಳಿ, ನಡೆಯಲು ಬೇಡ. ಓದಲಿಕ್ಕೂ ಅವಸರ ಬೇಡ ಎನ್ನುತ್ತೇನೆ. ಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕನ್ನಡದಲ್ಲೇ ಮಾತನಾಡುತ್ತದೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮಣಿ’ ಆ್ಯಪ್ ನೋಟಿನ ಮುಖಬೆಲೆ ಹೇಳುತ್ತದೆ. ‘ಬಿ ಮೈ ಐಸ್’ ಆ್ಯಪ್ ಮೂಲಕ ಸ್ವಯಂಸೇವಕರೊಬ್ಬರು ವಿಡಿಯೋ ಕರೆಯಲ್ಲಿ ಮದ್ದಿನ ಬಾಟಲಿಯ ಹೆಸರು ಓದಿ ಹೇಳುತ್ತಾರೆ. ಇವೆಲ್ಲ ಉಚಿತ. ಜಿನಸಿ ಅಂಗಡಿ ನಡೆಸಿದವರಿಗೆ ನೋಟು ತಾವೇ ಗುರುತಿಸುವ ಸ್ವಾತಂತ್ರ್ಯ ಸಣ್ಣದಲ್ಲ.

ಹಾಗಾದರೆ ನನ್ನ ಸಲಹೆ ಏನು? ಈಗಲೇ ಒಂದು ಸಾಧಾರಣ ಮಡಚುವ ಬಿಳಿ ಕೋಲನ್ನು, ತಂದೆಯವರ ಎದೆಮೂಳೆಯ ಎತ್ತರಕ್ಕೆ ಅಳೆದು ತನ್ನಿ. ತುದಿಗೆ ಉರುಳುವ ಗುಂಡು ಇರುವುದಾದರೆ ಒಳ್ಳೆಯದು, ಚಪ್ಪಡಿಯ ಸಂದಿಗೆ ಅದು ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ತರಬೇತಿ ಆರಂಭಿಸಿ. ತುದಿಯ ಮಾತು ಅವರ ಕೈಗೆ ಬಂದ ಮೇಲೆ, ಅಂದರೆ ಕೆಲವು ತಿಂಗಳ ನಂತರ, ಅದೇ ಕೋಲಿಗೆ ಸಿಕ್ಕಿಸುವಂಥ ಸ್ಮಾರ್ಟ್ ಹಿಡಿಯನ್ನು ಸೇರಿಸಿ. ಮಳೆ ಮುಗಿದ ಮೇಲೆ ಸೇರಿಸಿದರೆ ಕಲಿಯುವುದು ಹಗುರ. ಈಗಿನ ಬೆಲೆಯನ್ನೂ ರಿಪೇರಿ ಎಲ್ಲಿ ಎಂಬುದನ್ನೂ ಕೇಳಿಕೊಂಡೇ ಹಣ ಕೊಡಿ. ಸಾಧ್ಯವಿದ್ದರೆ ಕೊಳ್ಳುವ ಮುನ್ನ ಅವರ ಕೈಗೇ ಕೊಟ್ಟು ನೋಡಿ: ಗ್ಲಾಕೋಮಾದ ಜೊತೆಗೆ ಬಹುಕಾಲದ ಸಕ್ಕರೆ ಕಾಯಿಲೆಯೂ ಇದ್ದರೆ ಬೆರಳ ಸ್ಪರ್ಶ ಮಂದವಾಗಿ ಕಂಪನದ ವ್ಯತ್ಯಾಸ ತಿಳಿಯದೆ ಹೋಗಬಹುದು.

ಹಣ ಕೊಡುವ ಮೊದಲು ಸರಕಾರದ ದಾರಿಯನ್ನೂ ನೋಡಿ. ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಶೇ. 40 ಅಥವಾ ಹೆಚ್ಚಿನ ವೈಕಲ್ಯವಿದ್ದು, ಎಲ್ಲ ಮೂಲಗಳಿಂದ ತಿಂಗಳ ಆದಾಯ 22,500 ರೂಪಾಯಿ ಮೀರದವರಿಗೆ ಸಾಧನ ಉಚಿತವಾಗಿ, 30,000ದವರೆಗಿನವರಿಗೆ ಅರ್ಧ ಬೆಲೆಗೆ ದೊರೆಯುತ್ತದೆ. ಕಾನ್ಪುರದ ಅಲಿಮ್ಕೋ ಸಂಸ್ಥೆ ಶಿಬಿರಗಳಲ್ಲಿ ವಿತರಿಸುವ ಸಾಧನಗಳಲ್ಲಿ ಸ್ಮಾರ್ಟ್ ಕೇನ್ ಕೂಡ ಇದೆ. ಇದಕ್ಕೆ ಮೊದಲು ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ ಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಿ. ನಿಮ್ಮ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ, ಮುಂದಿನ ಶಿಬಿರ ಯಾವಾಗ ಎಂಬುದೂ ಅವರಿಂದ, ಇಲ್ಲವೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಿಂದ ತಿಳಿಯುತ್ತದೆ. ಶಿಬಿರದಲ್ಲಿ ಸಾಧನ ಸಿಕ್ಕರೂ ತರಬೇತಿ ಬೇಕೇ ಬೇಕು.

ಕೊನೆಯದಾಗಿ ತಂದೆಯವರ ಹಟದ ಬಗ್ಗೆ. ಅದನ್ನು ಹಟವೆನ್ನಲು ನನಗೆ ಮನಸ್ಸಿಲ್ಲ. ಹತ್ತಾರು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಊರಿಗೆ ಅಕ್ಕಿಬೇಳೆ ಅಳೆದುಕೊಟ್ಟವರಿಗೆ, ಅದೇ ಊರಿನ ಕಣ್ಣಮುಂದೆ ಬಿಳಿ ಕೋಲು ಬಿಡಿಸುವುದು ಎಷ್ಟು ಭಾರವೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ‘ಸ್ಮಾರ್ಟ್’ ಎಂಬ ಪದ ಆ ಭಾರವನ್ನು ಸ್ವಲ್ಪ ಇಳಿಸುತ್ತದೆಯಾದರೆ ಇಳಿಸಲಿ. ನನ್ನಲ್ಲಿಗೆ ಬರುತ್ತಿದ್ದ ನಿವೃತ್ತ ಶಿಕ್ಷಕರೊಬ್ಬರು ಆರು ವಾರ ಕೋಲನ್ನು ಬಟ್ಟೆಯ ಚೀಲದಲ್ಲೇ ಮಡಚಿಟ್ಟುಕೊಂಡು ಓಡಾಡಿದರು. ಒಂದು ಸಂಜೆ ಹಂಪನಕಟ್ಟೆಯಲ್ಲಿ, ರಸ್ತೆ ದಾಟಲು ಬಹಳ ಹೊತ್ತು ಕಾದು, ಚೀಲದಿಂದ ತೆಗೆದು ಬಿಡಿಸಿದರು. ಒಂದು ಬಸ್ಸಿನ ಚಾಲಕ ನಿಲ್ಲಿಸಿದ, ಕಂಡಕ್ಟರ್ ಬಾಗಿಲಿನಿಂದ ಇಳಿದು ‘ಎಲ್ಲಿಗೆ ಹೋಗ್ಬೇಕು ಮಾಸ್ಟ್ರೇ’ ಎಂದು ಕೇಳಿದ. ಅಲ್ಲಿಯವರೆಗೆ ಅವರನ್ನು ಜನ ದಾರಿಗಡ್ಡ ನಿಂತವರೆಂದು ಬೈಯುತ್ತಿದ್ದರು, ಏಕೆಂದರೆ ಅವರಿಗೆ ಕಾಣುವುದಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ಬಿಳಿ ಬಣ್ಣದ ಕೆಲಸ ಅದು. ಯಾವ ಸೆನ್ಸರೂ ಅದನ್ನು ಮಾಡುವುದಿಲ್ಲ. ಆದ್ದರಿಂದ ಸ್ಮಾರ್ಟ್ ಕೋಲು ಕೊಂಡರೂ ಕಪ್ಪು ಬಣ್ಣದ್ದನ್ನು ಆರಿಸಬೇಡಿ.

ತಂದೆಯವರ ಕೋಲೂ ಸದ್ಯಕ್ಕೆ ಚೀಲದಲ್ಲೇ ಇರಲಿ. ಅದನ್ನು ಅವರೇ ಬಿಡಿಸುವವರೆಗೆ ನೀವು ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಗಿಂತ ತುಸು ಮೇಲೆ ಅವರೇ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ, ನೀವು ಮೆಟ್ಟಿಲು ಇಳಿದದ್ದು ಅವರಿಗೆ ನಿಮ್ಮ ತೋಳಿನಿಂದಲೇ ತಿಳಿಯುತ್ತದೆ. ಮನೆಯ ಕೆಂಪು ನೆಲದ ಮೆಟ್ಟಿಲುಗಳ ಅಂಚಿಗೆ ಎರಡು ಬೆರಳಗಲ ಹಳದಿ ಬಣ್ಣ ಬಳಿಯಿರಿ. ತಲೆ ಬಾಗಿಸಿ ನೋಡಿದಾಗ ಅವರ ಉಳಿದ ನೋಟಕ್ಕೆ ಅದು ಸಿಗುತ್ತದೆ. ತರಬೇತಿಯ ಮೊದಲ ಪಾಠಗಳು ನಿಮ್ಮ ಅಂಗಳದಲ್ಲೇ ಆಗಬಹುದು, ನೆರೆಯವರು ಏಳುವ ಮುನ್ನ ಬೆಳಗಿನ ಆರು ಗಂಟೆಗೆ ಬೇಕಾದರೂ ಆಗಬಹುದು. ಆ ದಿನಕ್ಕೆ ಫೀಲ್ಡ್ ಟೆಸ್ಟಿನ ವರದಿಯನ್ನು ತೆಗೆದಿಟ್ಟುಕೊಳ್ಳಿ, ತಂದೆಯವರಿಗೆ ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ.